ಒಳಮೈಯ ಬಣ್ಣ

(ಬಾನುಲಿ ಭಾಷಣ)

ನಿವೃತ್ತನಾದ ಕನ್ನಡ ಅಧ್ಯಾಪಕನೊಬ್ಬನು ಬಾನುಲಿಯ ಮುಂದೆ ಬಂದು ಕುಳಿತರೆ, ಹಳಗನ್ನಡದ ಪದ್ಯವೊಂದನ್ನು ಬಿಡಿಸಿ ಹೇಳುವನೆಂದೋ, ನಮ್ಮ ಸೀಮೆಯ ಶಾಸನವೊಂದರ ಅರ್ಥವನ್ನು ವಿವರಿಸುವನೆಂದೋ ಕೇಳುಗರು ನಿರೀಕ್ಷಿಸುವುದು ಸಹಜ. ಇಂದು ನಾನು ಹೇಳಹೊರಟಿರುವುದು ಅಂಥ ಘನವಾದ ವಿಷಯವಲ್ಲ. ಮನೆಯಲ್ಲಿ ಮೀನು ಸಾಕುವ ಗಾಜಿನ ತೊಟ್ಟಿ, ಅದಕ್ಕೆ ನಾವೇ ಮಾಡಿಕೊಂಡ ಮರದ ಮುಚ್ಚಳ, ಆ ಮುಚ್ಚಳದ ಒಳಮೈಗೆ ಹಚ್ಚಬೇಕಾದ ಬಣ್ಣ - ಇಷ್ಟೇ ಇಂದಿನ ಮಾತು. ವಿಷಯ ಬಹಳ ಸಣ್ಣದಾಯಿತೆಂದು ತಮಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಇದನ್ನು ಸರಿಯಾಗಿ ತಿಳಿಯದೆ ಹೋದುದರಿಂದ ನನ್ನ ಕೈಯಲ್ಲಿ ಏಳು ಜೀವಗಳು ಹೋದವು. ಆ ಬಳಿಕ ಇದನ್ನು ಸಣ್ಣದೆನ್ನಲು ನನಗೆ ಧೈರ್ಯವಿಲ್ಲ.

ಕೊಪ್ಪಳದ ನಮ್ಮ ಮನೆಗೆ ಈ ತೊಟ್ಟಿ ಬಂದದ್ದು ಮೊಮ್ಮಗಳಿಂದ. ಬೆಂಗಳೂರಿನಲ್ಲಿರುವ ನನ್ನ ಮಗನು ಮನೆ ಬದಲಾಯಿಸಬೇಕಾಗಿ ಬಂದಾಗ, ಆಕೆಯು ತನ್ನ ಎಂಟು ಮೀನುಗಳನ್ನೂ ತೊಟ್ಟಿಯನ್ನೂ ಬೇಸಗೆಯ ರಜೆಯಲ್ಲಿ ತಂದು ನನ್ನ ವಶಕ್ಕೆ ಒಪ್ಪಿಸಿದಳು. ಆರು ಗಪ್ಪಿ, ಎರಡು ಗುರಾಮಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ; ಹಿಡಿಯುವ ನೀರು ಸುಮಾರು 50 ಲೀಟರು. ಅದರ ಪ್ಲಾಸ್ಟಿಕ್ಕಿನ ಮುಚ್ಚಳವು ಪ್ರಯಾಣದಲ್ಲಿ ಒಡೆದುಹೋಗಿತ್ತು. "ಅಜ್ಜ, ನೀವೇ ಒಂದು ಮಾಡಿಬಿಡಿ" ಎಂದು ಹೇಳಿ ಅವಳು ಊರಿಗೆ ಹೋದಳು.

ಮುಚ್ಚಳ ಏಕೆ ಬೇಕು ಎಂಬ ಪ್ರಶ್ನೆಯನ್ನು ಮೊದಲು ನೋಡೋಣ. ಗಪ್ಪಿಯಂಥ ಪುಟ್ಟ ಮೀನುಗಳು ನೀರಿನಿಂದ ಮೇಲಕ್ಕೆ ಹಾರುತ್ತವೆ. ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಒಣಗಿ ಬಿದ್ದಿರುತ್ತವೆ. ಬೆಕ್ಕಿನ ಕಾಟ ಬೇರೆ. ಇವೆಲ್ಲ ಎಲ್ಲ ಊರಿಗೂ ಸಲ್ಲುವ ಕಾರಣಗಳು. ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಇಲ್ಲಿಯ ಬೇಸಗೆಯ ಗಾಳಿಯು ತೆರೆದಿಟ್ಟ ನೀರನ್ನು ಕುಡಿದುಬಿಡುತ್ತದೆ. ನೀರು ಆವಿಯಾಗಿ ಹೋಗುವಾಗ ನೀರು ಮಾತ್ರ ಹೋಗುತ್ತದೆ. ಅದರೊಳಗಿನ ಲವಣಗಳು ಹಿಂದೆಯೇ ಉಳಿಯುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆಯ ಅನೇಕ ಕೊಳವೆಬಾವಿಗಳ ನೀರು ಗಡಸು, ಫ್ಲೋರೈಡ್ ಬೆರೆತದ್ದು. ಕಡಮೆಯಾದ ನೀರಿನ ಸ್ಥಾನದಲ್ಲಿ ಮತ್ತೆ ಮತ್ತೆ ಅಂಥದೇ ನೀರನ್ನು ಸುರಿಯುತ್ತ ಹೋದರೆ, ಕೆಲವು ತಿಂಗಳಲ್ಲಿ ತೊಟ್ಟಿಯ ನೀರು ಬಾವಿಯ ನೀರಿಗಿಂತಲೂ ಎಷ್ಟೋ ಪಾಲು ಗಡಸಾಗುತ್ತದೆ. ಮುಚ್ಚಳವು ಈ ನಷ್ಟವನ್ನು ತಡೆಯುತ್ತದೆ. ಕುಡಿಯುವ ನೀರಿಗೆ ಕೊಡಗಳನ್ನು ಸಾಲಾಗಿಟ್ಟು ಕಾದ ಊರುಗಳವರಿಗೆ ನೀರನ್ನು ಮುಚ್ಚಿಡಬೇಕೆಂದು ಯಾರೂ ಉಪದೇಶ ಮಾಡಬೇಕಾಗಿಲ್ಲ.

ಇಂಥ ಮುಚ್ಚಳಕ್ಕೆ ನಮ್ಮ ಹಳೆಯ ಭಾಷೆಯಲ್ಲಿ ಒಂದು ಚೆಲುವಾದ ಮಾತಿದೆ: ಮೇಲುಕಟ್ಟು. ಸಂಸ್ಕೃತದವರು ಇದನ್ನು ವಿತಾನವೆನ್ನುತ್ತಾರೆ. ಮೀನಿನ ತೊಟ್ಟಿಯ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಅದರ ಒಳಗೆ ದೀಪವಿರುತ್ತದೆ. ದೀಪಕ್ಕೂ ನೀರಿಗೂ ನಡುವೆ ನಾಲ್ಕಾರು ಅಂಗುಲದ ಬಯಲಿರುತ್ತದೆ. ಮಗುಚಿಟ್ಟ ಪೆಟ್ಟಿಗೆಯಂತಿರುವ ಅದನ್ನು ಮೇಲುಕಟ್ಟು ಎಂದು ಕರೆದರೆ ತಪ್ಪಾಗಲಾರದು.

ನನ್ನ ಮೊದಲನೆಯ ಮೇಲುಕಟ್ಟನ್ನು ನಮ್ಮ ಓಣಿಯ ಬಡಿಗೇರರೊಬ್ಬರ ನೆರವಿನಿಂದ ಮಾವಿನ ಹಲಗೆಯಲ್ಲಿ ಮಾಡಿದೆ. ಹೊರಮೈಯನ್ನು ತಿಕ್ಕಿ ನಯಗೊಳಿಸಿ, ಎರಡು ಬಾರಿ ವಾರ್ನಿಷ್ ಕೊಟ್ಟೆ. ಬಂದವರೆಲ್ಲ ಮೆಚ್ಚಿದರು. ಒಳಮೈಯನ್ನು ಯಾರು ನೋಡುತ್ತಾರೆ ಎಂದು ಹಾಗೆಯೇ ಬಿಟ್ಟೆ. ಎರಡು ತಿಂಗಳಾಗುವಷ್ಟರಲ್ಲಿ ಮೂರು ವಿಕಾರಗಳು ಕಂಡುಬಂದವು. ಮೇಲಿನ ಹಲಗೆಯ ಅಂಚುಗಳು ಮೇಲೆದ್ದು ನಡುಭಾಗ ನೀರಿನ ಕಡೆಗೆ ಬಾಗಿತು. ಒಳಗೆಲ್ಲ ಕಪ್ಪು ಬೂಷ್ಟು ಹಿಡಿಯಿತು. ದೀಪ ಉರಿಯುತ್ತಿದ್ದರೂ ತೊಟ್ಟಿ ಮಂಕಾಗಿಯೇ ಇತ್ತು.

ಹಲಗೆ ಬಾಗಿದ್ದೇಕೆ? ನಮ್ಮ ಮನೆಗಳಲ್ಲಿ ಮಾಳಿಗೆಯ ಮೇಲೆ ಹಪ್ಪಳ ಒಣಗಲು ಹಾಕುವುದನ್ನು ತಾವು ನೋಡಿದ್ದೀರಿ. ಬಿಸಿಲು ತಾಕುವ ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ. ಬಟ್ಟೆಗೆ ಅಂಟಿದ ಕೆಳಮೈ ಇನ್ನೂ ಹಸಿಯಾಗಿಯೇ ಇರುತ್ತದೆ. ಆದಕಾರಣ ಹಪ್ಪಳದ ಅಂಚುಗಳು ಮೇಲಕ್ಕೆ ಸುರುಳುತ್ತವೆ. ಮರದ ಹಲಗೆಯೂ ಹೀಗೆಯೇ. ಮರದ ಎಳೆಗಳು ತೇವವನ್ನು ಹೀರಿದಾಗ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತವೆ. ಒಂದು ಮೈ ಹಿಗ್ಗಿ ಇನ್ನೊಂದು ಮೈ ಹಿಗ್ಗದಿದ್ದರೆ ಹಲಗೆ ಬಾಗಲೇಬೇಕು. ತೊಟ್ಟಿಯ ಬೆಚ್ಚನೆಯ ನೀರಿನಿಂದೆದ್ದ ಆವಿಯು ಮೇಲುಕಟ್ಟಿನ ಒಳಮೈಗೆ ತಾಗಿ ಹನಿಯಾಗುತ್ತದೆ. ಅದೇ ಹೊತ್ತಿನಲ್ಲಿ ಹೊರಮೈಗೆ ಕೊಪ್ಪಳದ ಒಣಗಾಳಿ ಬಡಿಯುತ್ತಿರುತ್ತದೆ. ಅರ್ಧ ಅಂಗುಲದ ಹಲಗೆ ಅದು. ಅದರ ಒಳಗೆ ಮಲೆನಾಡು, ಹೊರಗೆ ಬಯಲುಸೀಮೆ. ನಾನು ಬಯಲುಸೀಮೆಯ ಕಡೆಗೆ ಕೊಡೆ ಹಿಡಿದು, ಮಳೆ ಸುರಿಯುವ ಕಡೆಯನ್ನು ಬರಿದಾಗಿ ಬಿಟ್ಟಿದ್ದೆ.

ಇದೇ ಹವ್ಯಾಸದ ನನ್ನ ಹಳೆಯ ಶಿಷ್ಯರಿಬ್ಬರಿದ್ದಾರೆ. ಒಬ್ಬರು ಕುಷ್ಟಗಿಯವರು, ಒಬ್ಬರು ಗಂಗಾವತಿಯವರು. ಕುಷ್ಟಗಿಯವರ ಮುಚ್ಚಳವು ನನ್ನದಕ್ಕಿಂತಲೂ ಬೇಗ ಬಾಗಿ ಸೀಳಿತೆಂದರು. ತುಂಗಭದ್ರೆಯ ಕಾಲುವೆಯ ನೀರು ಹರಿದು ಭತ್ತದ ಗದ್ದೆಗಳ ನಡುವೆ ಇರುವ ಗಂಗಾವತಿಯಲ್ಲಿ ಹೊರಗಿನ ಗಾಳಿಯೂ ತೇವವಾಗಿರುವುದರಿಂದ ಹಲಗೆ ಅಷ್ಟಾಗಿ ಬಾಗಲಿಲ್ಲ. ಆದರೆ ಬೂಷ್ಟು ಮಾತ್ರ ಬಿಡದೆ ಬೆಳೆಯಿತು. ಎರಡೂ ಕಡೆ ರೋಗದ ಮೂಲ ಒಂದೇ: ಬಣ್ಣವಿಲ್ಲದ ಒಳಮೈ.

ಇನ್ನು ಬೆಳಕಿನ ಮಾತು. ದೀಪದ ಬೆಳಕೆಲ್ಲ ನೇರವಾಗಿ ನೀರಿಗೆ ಬೀಳುವುದಿಲ್ಲ. ಕೊಳವೆದೀಪವಾದರೆ ಅರ್ಧದಷ್ಟು ಬೆಳಕು ಮೇಲಕ್ಕೂ ಪಕ್ಕಕ್ಕೂ ಹೋಗುತ್ತದೆ. ಕೆಳಮುಖವಾಗಿ ಬೆಳಗುವ ಇಂದಿನ ಎಲ್‌ಇಡಿ ದೀಪದಲ್ಲಿ ಈ ನಷ್ಟ ಕಡಮೆಯಾದರೂ, ಪಕ್ಕಕ್ಕೆ ಚೆದರುವ ಬೆಳಕು ಇದ್ದೇ ಇರುತ್ತದೆ. ಬೂಷ್ಟು ಹಿಡಿದ ಮರವು ಅದನ್ನು ನುಂಗಿಬಿಡುತ್ತದೆ. ಒಳ್ಳೆಯ ಬಿಳಿಬಣ್ಣವಾದರೋ ಬಿದ್ದ ಬೆಳಕಿನ ಹತ್ತು ಪಾಲಿನಲ್ಲಿ ಎಂಟು ಒಂಬತ್ತು ಪಾಲನ್ನು ಹಿಂದಿರುಗಿಸುತ್ತದೆ. ತೊಟ್ಟಿಯಲ್ಲಿ ನೆಟ್ಟ ಜಲಸಸ್ಯಗಳಿಗೆ ಇದು ಅನ್ನವಿದ್ದಂತೆ.

ಇಷ್ಟನ್ನು ಯೋಚಿಸಿದ ಮೇಲೆ ಒಳಮೈ ಬೆಳ್ಳಗಿರಬೇಕೆಂದು ನಿಶ್ಚಯಿಸಿದೆ. ನಿಶ್ಚಯ ಸರಿಯಾಗಿತ್ತು, ಮುಂದಿನ ಹೆಜ್ಜೆ ತಪ್ಪಾಯಿತು. ಬಿಳುಪೆಂದರೆ ನಮ್ಮವರಿಗೆ ಸುಣ್ಣ. ಗೋಡೆಗೆ ಸುಣ್ಣ, ಕಟ್ಟೆಗೆ ಸುಣ್ಣ, ಗಿಡದ ಬುಡಕ್ಕೆ ಸುಣ್ಣ, ಎಲೆಗೂ ಸುಣ್ಣ. ಹುಳು ಬರದಂತೆ ತಡೆಯುವ, ಬೂಷ್ಟನ್ನು ಕೊಲ್ಲುವ, ಹಿರಿಯರು ನಂಬಿದ ವಸ್ತು. ಬಾಗಿದ ಹಲಗೆಯನ್ನು ತೆಗೆದು ಬೇರೆಯದನ್ನು ಹಾಕಿಸಿ, ಸುಣ್ಣವನ್ನು ಗಟ್ಟಿಯಾಗಿ ಕದಡಿ, ಚಿಟಿಕೆ ನೀಲಿ ಬೆರೆಸಿ, ಒಳಮೈಗೆ ಮೂರು ಬಾರಿ ಬಳಿದೆ. ಮೂರು ದಿನ ಒಣಗಿಸಿದೆ. ಮಲ್ಲಿಗೆಯಂತೆ ಬೆಳ್ಳಗಾಯಿತು. ಸಂಜೆ ತೊಟ್ಟಿಯ ಮೇಲಿಟ್ಟು ದೀಪ ಹಚ್ಚಿದಾಗ ಮೀನುಗಳ ಮೈಬಣ್ಣ ಹೊಳೆಯಿತು. ಅದರ ಛಾಯಾಚಿತ್ರವನ್ನು ಮೊಮ್ಮಗಳಿಗೆ ಕಳುಹಿಸಿದೆ.

ಮಾರನೆಯ ಬೆಳಗ್ಗೆ ನೀರಿನ ಮೇಲೆ ಬಿಳಿಯ ಕೆನೆಯಂಥ ಪೊರೆಯಿತ್ತು. ತಳದಲ್ಲಿ ಸುಣ್ಣದ ಹಕ್ಕಳೆಗಳು ಬಿದ್ದಿದ್ದವು. ಎಂಟರಲ್ಲಿ ಏಳು ಮೀನುಗಳು ಸತ್ತಿದ್ದವು. ಒಂದು ಗುರಾಮಿ ಮಾತ್ರ ಮೂಲೆಯಲ್ಲಿ ಮೂತಿಯನ್ನು ನೀರಿನಿಂದ ಮೇಲೆತ್ತಿ ಉಸಿರಾಡುತ್ತಿತ್ತು.

ಕಾರಣವನ್ನು ತಿಳಿಸಿಕೊಟ್ಟವರು ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ನನ್ನ ಹಳೆಯ ಸಹೋದ್ಯೋಗಿಗಳು. ಅರಳಿದ ಸುಣ್ಣವು ತೀಕ್ಷ್ಣವಾದ ಕ್ಷಾರ. ಗೋಡೆಯ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಆ ಕೆಲಸ ಮೂರು ದಿನಗಳಲ್ಲಿ ಮುಗಿಯುವುದಲ್ಲ, ವಾರಗಳು ಬೇಕು. ಅದಕ್ಕೆ ಮೊದಲೇ ನಾನು ಅದನ್ನು ಆವಿಯ ಮೇಲಿಟ್ಟೆ. ಹನಿಗಟ್ಟಿದ ನೀರು ಸುಣ್ಣವನ್ನು ಕರಗಿಸಿಕೊಂಡು ರಾತ್ರಿಯೆಲ್ಲ ತೊಟ್ಟಿಗೆ ತೊಟ್ಟಿಕ್ಕಿತು. ಆಮ್ಲ ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ 7 ಎಂಬುದು ಸಮಸ್ಥಿತಿ. ಅವರು ಕಾಗದವನ್ನು ಅದ್ದಿ ನೋಡಿದಾಗ ನಮ್ಮ ತೊಟ್ಟಿಯ ನೀರು 9 ಮತ್ತು 10ರ ನಡುವೆ ಇತ್ತು. ಅಂಥ ನೀರು ಮೀನಿನ ಕಿವಿರುಗಳನ್ನು ಸುಡುತ್ತದೆ. ಜೊತೆಗೆ ಇನ್ನೊಂದು ಅಪಾಯವಿದೆ. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತಿರುತ್ತದೆ. ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್, ಪಿಎಚ್ 7 ಇದ್ದಾಗ, ಅದರಲ್ಲಿ ವಿಷರೂಪದಲ್ಲಿರುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ. ಪಿಎಚ್ 9ಕ್ಕೆ ಏರಿದರೆ ಹೆಚ್ಚುಕಡಮೆ ಮೂರರಲ್ಲಿ ಒಂದು ಪಾಲು ವಿಷವಾಗುತ್ತದೆ. ನಿನ್ನೆ ನಿರಪಾಯವಾಗಿದ್ದ ಅದೇ ನೀರು ಇಂದು ಕೊಲ್ಲುತ್ತದೆ. ಗುರಾಮಿಯ ಜಾತಿಗೆ ಕಿವಿರುಗಳಲ್ಲದೆ, ಮೇಲಿನ ಗಾಳಿಯನ್ನೇ ನುಂಗಿ ಉಸಿರಾಡುವ ಅಂಗವೊಂದು ತಲೆಯಲ್ಲಿದೆ. ಒಂದು ಗುರಾಮಿ ಉಳಿದದ್ದು ಅದರಿಂದಲೇ ಇರಬೇಕು.

ಮೊಮ್ಮಗಳು ದಿನವೂ ಸಂಜೆ ದೂರವಾಣಿಯಲ್ಲಿ ಕೇಳುತ್ತಿದ್ದಳು: "ಅಜ್ಜ, ಮೀನು ಚೆನ್ನಾಗಿವೆಯಾ?" ಎರಡು ದಿನ ಚೆನ್ನಾಗಿವೆಯೆಂದೇ ಹೇಳಿದೆ. ಅಂಗಡಿಯಿಂದ ಅಂಥವೇ ಏಳನ್ನು ತಂದು ಬಿಟ್ಟುಬಿಡುವ ಯೋಚನೆಯೂ ಬಂದಿತ್ತೆಂಬುದನ್ನು ಮುಚ್ಚಿಡಲಾರೆ. ಮೂರನೆಯ ದಿನ ನಡೆದುದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ, ಬಹಳ ಹೊತ್ತು ಸುಮ್ಮನಿದ್ದು, "ಸುಣ್ಣ ಹಚ್ಚಬಹುದಾ ಅಂತ ಯಾರನ್ನಾದರೂ ಕೇಳಿದ್ರಾ ಅಜ್ಜ?" ಎಂದಳು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಯಲ್ಲಿ ನಿಂತು, ತಿಳಿಯದಿದ್ದರೆ ಕೇಳಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು ನಾನು. ಯಾರನ್ನೂ ಕೇಳಿರಲಿಲ್ಲ.

ಕೇಳಲು ಹೋದೆ. ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿ ಕಿನ್ನಾಳವಿದೆ. ಮರದ ಮೇಲೆ ಬಣ್ಣ ನಿಲ್ಲುವ ವಿಚಾರದಲ್ಲಿ ಕೇಳಬೇಕಾದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ತಕ್ಕ ಊರು ಇನ್ನೊಂದಿಲ್ಲ. ಅಲ್ಲಿಯ ಚಿತ್ರಗಾರ ಮನೆತನಗಳವರು ತಲೆಮಾರುಗಳಿಂದ ಹಗುರವಾದ ಮರದಲ್ಲಿ ಗರುಡ, ಗೌರಿ, ಪಶುಪಕ್ಷಿಗಳ ಗೊಂಬೆಗಳನ್ನೂ ಪಲ್ಲಕ್ಕಿ ತೊಟ್ಟಿಲುಗಳನ್ನೂ ಮಾಡಿ ಬಣ್ಣ ಹಾಕುತ್ತಾರೆ. ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರೆಂಬ ನಂಬಿಕೆ ಅವರಲ್ಲಿದೆ.

ಅವರ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಿಡಿಬಿಡಿಯಾಗಿ ಕೆತ್ತಿದ ಭಾಗಗಳನ್ನು ಹುಣಿಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿನಾರಿನ ಚಿಂದಿಯನ್ನು ನೆನೆಸಿ, ಚೂರುಮಾಡಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನೊಡನೆ ಕಲಸಿದರೆ ಅದು "ಕಿಟ್ಟ". ಈ ಕಿಟ್ಟವನ್ನು ಗೊಂಬೆಯ ಮೈಗೆಲ್ಲ ಕೈಯಿಂದ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಣುಕುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ನುಣ್ಣನೆಯ ಪುಡಿಯ ಲೇಪ. ಅದು ಒಣಗಿದ ಮೇಲೆಯೇ ಬಣ್ಣ. ನಾವು ಕಣ್ಣಿನಿಂದ ಕಾಣುವ ಕೆಂಪು ಹಸಿರು ಹಳದಿಗಳು ಕಟ್ಟಕಡೆಯ ತೆಳುವಾದ ಪದರವಷ್ಟೇ. ಅವನ್ನು ಹೊತ್ತು ನಿಂತಿರುವುದು ಕಾಣದ ಮೂರು ನಾಲ್ಕು ಪದರಗಳು.

ನನ್ನ ಮುಚ್ಚಳವನ್ನು ಹಿರಿಯ ಚಿತ್ರಗಾರರೊಬ್ಬರ ಮುಂದಿಟ್ಟೆ. ಅವರು ಅದನ್ನು ಮಗುಚಿ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿ ನಕ್ಕರು. "ಸರ್, ಗೊಂಬಿ ಪಾದದ ತಳ ಯಾರು ನೋಡ್ತಾರ್ರೀ? ಆದ್ರೂ ಅದಕ್ಕೂ ಬಿಡದಂಗ ಹಚ್ತೀವಿ. ಹಸಿ ಏರೂದು ಅಲ್ಲಿಂದನ. ಬಣ್ಣ ಕಣ್ಣಿಗಷ್ಟ ಅಲ್ರೀ, ಕಟ್ಟಿಗಿಗೂ ಬೇಕು" ಎಂದರು. ಹಾಗಾದರೆ ನಿಮ್ಮ ಕಿಟ್ಟವನ್ನೇ ಇದಕ್ಕೂ ಹಚ್ಚಿಕೊಡುವಿರಾ ಎಂದು ಕೇಳಿದೆ. ಅವರು ತಲೆಯಾಡಿಸಿದರು. "ಹುಣಸಿಬೀಜದ ಅಂಟು ನೀರಾಗ ನಿಲ್ಲಂಗಿಲ್ರೀ. ನಮ್ಮ ಬಣ್ಣ ಜಗಲಿ ಮ್ಯಾಲ ಕುಂಡ್ರೂದು. ನಿಮ್ಮದು ಬಾವಿ ಮ್ಯಾಲ ಕುಂಡ್ರಬೇಕು. ಸಾಮಾನು ಬ್ಯಾರೆ ತಗೋರಿ. ಪದ್ಧತಿ ಮಾತ್ರ ಇದ ಇರ್ಲಿ."

ಹಳೆಯದರಿಂದ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳಿದ ವಿಮರ್ಶೆಯನ್ನು ನಾನು ಓದಿಲ್ಲ. ಮನೆಗೆ ಬಂದು ಮಾನಸೋಲ್ಲಾಸವನ್ನು ತೆರೆದು ನೋಡಿದೆ. ನಮ್ಮ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥವದು. ಅದರಲ್ಲಿ ಮೀನುಗಳ ಜಾತಿಗಳನ್ನೂ ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಹೇಳುವ ಮತ್ಸ್ಯವಿನೋದವಿದೆ. ಚಿತ್ರ ಬರೆಯುವುದಕ್ಕೆ ಗೋಡೆಯನ್ನು ಸಿದ್ಧಗೊಳಿಸುವ ವಿಧಾನವೂ ಇದೆ. ಎಮ್ಮೆಯ ತೊಗಲನ್ನು ಬೇಯಿಸಿ ಬೆಣ್ಣೆಯಂತೆ ಮೆದುವಾಗಿಸಿ ಮಾಡಿದ ವಜ್ರಲೇಪವೆಂಬ ಅಂಟನ್ನು ಬಿಳಿಮಣ್ಣಿನೊಡನೆ ಕಲಸಿ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಮೂರು ಬಾರಿ ಹಚ್ಚಬೇಕೆಂದು ಅಲ್ಲಿ ವಿಧಿಸಿದೆ. ತೊಗಲಿನ ಅಂಟೂ ತೇವಕ್ಕೆ ಕರಗುವಂಥದೇ. ಆದರೆ ಪದ್ಧತಿಯನ್ನು ನೋಡಿರಿ: ಮೊದಲು ಮೈಯನ್ನು ಹದಗೊಳಿಸುವುದು, ಆಮೇಲೆ ತೆಳುವಾದ ಪದರಗಳು, ಪ್ರತಿಯೊಂದರ ನಡುವೆ ಕಾಯುವುದು. ಕಿನ್ನಾಳದವರು ಕೈಯಿಂದ ಮಾಡುತ್ತಿರುವುದೂ ಇದನ್ನೇ.

ಇಲ್ಲಿ ಒಂದು ಸಂದೇಹ ಏಳಬಹುದು. ತುಂಗಭದ್ರೆಯ ಆಚೆ ದಡದ ಹಂಪೆಯಲ್ಲಿ ವಿರೂಪಾಕ್ಷನ ರಂಗಮಂಟಪದ ಮೇಲುಕಟ್ಟಿನ ಒಳಗೆ ಗಿರಿಜಾಕಲ್ಯಾಣವೇ ಮೊದಲಾದ ಚಿತ್ರಗಳು ಇಂದಿಗೂ ಇವೆ. ಈಚೆ ದಡದಲ್ಲಿ, ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಗುಡ್ಡದಲ್ಲಿ, ಬಂಡೆಗಳ ಚಾಚಿನ ಕೆಳಗೆ ಇತಿಹಾಸಪೂರ್ವದ ಜನರು ಕೆಮ್ಮಣ್ಣಿನಿಂದ ಬರೆದ ಚಿತ್ರಗಳೂ ಉಳಿದಿವೆ. ಅವರಿಗೆ ಎನಾಮಲ್ ಎಲ್ಲಿತ್ತು? ಅವು ಉಳಿದುದಕ್ಕೆ ಮುಖ್ಯ ಕಾರಣ, ಅಲ್ಲಿ ಒಳಮೈಯೇ ನೆರಳಿನ ಸ್ಥಳ. ಬಿಸಿಲೂ ಮಳೆಯೂ ಹೊರಗೆ ನಿಲ್ಲುತ್ತವೆ. ಮೀನಿನ ಮೇಲುಕಟ್ಟಿನಲ್ಲಿ ಇದು ತಿರುವುಮುರುವು. ಮನೆಯೊಳಗಿರುವುದರಿಂದ ಅದರ ಹೊರಮೈಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಒಳಮೈಗೆ ವರ್ಷದ ಹನ್ನೆರಡು ತಿಂಗಳೂ ಮಳೆಗಾಲ. ಮನೆಯ ಹೊರಗೋಡೆಗೆ ಎಷ್ಟು ಎಚ್ಚರದಿಂದ ಬಣ್ಣ ಹಚ್ಚುತ್ತೇವೆಯೋ ಅಷ್ಟೇ ಎಚ್ಚರದಿಂದ ಈ ಒಳಮೈಗೆ ಹಚ್ಚಬೇಕು.

ಇನ್ನು ನಾನು ಮೂರನೆಯ ಬಾರಿ ಅನುಸರಿಸಿದ ಕ್ರಮವನ್ನು ಹೇಳುತ್ತೇನೆ. ಮನೆಯಲ್ಲಿ ತೊಟ್ಟಿಯುಳ್ಳವರಿಗೆ ಉಪಯೋಗವಾದೀತು.

ಮೊದಲನೆಯದು ಮರ. ಒಂಟಿ ಹಲಗೆಗಿಂತ ಪ್ಲೈವುಡ್ ಮೇಲು. ಅದರಲ್ಲಿ ಒಂದು ಪದರದ ಎಳೆಗಳು ಉದ್ದಕ್ಕಿದ್ದರೆ ಮುಂದಿನ ಪದರದವು ಅಡ್ಡಕ್ಕಿರುತ್ತವೆ. ಒಂದನ್ನೊಂದು ಹಿಡಿದಿಡುವುದರಿಂದ ಬಾಗುವುದು ಕಡಮೆ. ಆದರೆ ಅಂಟು ನೀರಿಗೆ ನಿಲ್ಲುವಂಥದಾಗಿರಬೇಕು. ಭಾರತೀಯ ಮಾನಕ 710ರ ಪ್ರಕಾರ ತಯಾರಾದ ಮೆರೈನ್ ಪ್ಲೈವುಡ್ಡನ್ನು ಕೇಳಿ ತರಬೇಕು. ಕತ್ತರಿಸುವುದು, ತಂತಿಗೆ ರಂಧ್ರ ಕೊರೆಯುವುದು, ಆಹಾರ ಹಾಕಲು ಬಾಗಿಲು ಮಾಡುವುದು, ಗಾಳಿಗಾಗಿ ಹಿಂಬದಿಯಲ್ಲಿ ಕಂಡಿ ಬಿಡುವುದು - ಎಲ್ಲವೂ ಬಣ್ಣಕ್ಕಿಂತ ಮುಂಚೆಯೇ ಮುಗಿಯಬೇಕು. ಬಣ್ಣ ಹಚ್ಚಿದ ಮೇಲೆ ಕೊರೆದ ಒಂದು ರಂಧ್ರವು ತೇವಕ್ಕೆ ತೆರೆದಿಟ್ಟ ಹೆಬ್ಬಾಗಿಲು.

ಎರಡನೆಯದು ಅಂಚು. ಕತ್ತರಿಸಿದ ಅಂಚಿನಲ್ಲಿ ಮರದ ನಾಳಗಳ ಬಾಯಿ ತೆರೆದಿರುತ್ತವೆ; ಹಲಗೆಯು ನೀರನ್ನು ಹೆಚ್ಚಾಗಿ ಕುಡಿಯುವುದು ಅಲ್ಲಿಂದಲೇ. ಚೂಪಾದ ಮೂಲೆಯ ಮೇಲೆ ಬಣ್ಣ ನಿಲ್ಲದೆ ಎರಡೂ ಕಡೆಗೆ ಸರಿದು ತೆಳ್ಳಗಾಗುತ್ತದೆ. ಆದ್ದರಿಂದ ಮರಳುಕಾಗದದಿಂದ ಅಂಚುಗಳನ್ನು ಉಜ್ಜಿ ಸ್ವಲ್ಪ ದುಂಡಗೆ ಮಾಡಬೇಕು. ಮೊದಲನೆಯ ಲೇಪವನ್ನು ತೆಳುವಾಗಿಸಿ ಅಂಚುಗಳಿಗೆ ಕುಡಿಸಬೇಕು. ಅದು ಹೀರುವುದನ್ನು ನಿಲ್ಲಿಸುವವರೆಗೆ ಎರಡು ಮೂರು ಬಾರಿ ಕೊಡಬೇಕು.

ಮೂರನೆಯದು ಸಮತೆ. ಒಳಮೈ ಹೊರಮೈಗಳೆರಡಕ್ಕೂ ಪ್ರೈಮರ್ ಬೇಕು. ಎರಡೂ ಕಡೆ ಲೇಪಗಳ ಸಂಖ್ಯೆ ಒಂದೇ ಇದ್ದರೆ ಉತ್ತಮ. ಒಂದೇ ಮೈಗೆ ಹಚ್ಚಿದರೆ ಮತ್ತೆ ಹಪ್ಪಳದ ಕಥೆಯೇ.

ನಾಲ್ಕನೆಯದು ಬಣ್ಣದ ಆಯ್ಕೆ. ಸುಣ್ಣ ಕೂಡದೆಂಬುದನ್ನು ನಾನು ಬೆಲೆ ತೆತ್ತು ಕಲಿತೆ. ಡಿಸ್ಟೆಂಪರ್ ತೇವಕ್ಕೆ ಕರಗಿ ಇಳಿಯುತ್ತದೆ, ಅದೂ ಬೇಡ. ದೋಣಿ ಹಡಗುಗಳ ಅಡಿಗೆ ಹಚ್ಚುವ ಕೆಲವು ಬಣ್ಣಗಳಲ್ಲಿ, ಜಲಜೀವಿಗಳು ಅಂಟದಿರಲೆಂದು ತಾಮ್ರವನ್ನು ಸೇರಿಸಿರುತ್ತಾರೆ. ನೀರಿಗೆ ನಿಲ್ಲುತ್ತದೆಂದು ಅದನ್ನು ತಂದರೆ ಬಸವನಹುಳುಗಳೂ ಸಿಗಡಿಗಳೂ ಮೊದಲು ಸಾಯುತ್ತವೆ, ಆಮೇಲೆ ಮೀನುಗಳು. ಬೂಷ್ಟು ನಿರೋಧಕವೆಂದು ಮಾರುವ ಗೋಡೆಬಣ್ಣಗಳಲ್ಲಿಯೂ ಶಿಲೀಂಧ್ರನಾಶಕ ವಿಷಗಳಿರುತ್ತವೆ. ಅಟ್ಟದ ಮೇಲಿನ ಹಳೆಯ ಡಬ್ಬಿಗಳನ್ನಂತೂ ಮುಟ್ಟಲೇಬಾರದು. ಮನೆಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ 2016ರಲ್ಲಿ ಹೊರಟು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಡಬ್ಬಿಯಲ್ಲಿ ಏನಿದೆಯೋ ಹೇಳಬರುವುದಿಲ್ಲ. ಎರಡು ಡಬ್ಬಿಗಳಲ್ಲಿ ಬಂದು, ಬೆರೆಸಿದ ಮೇಲೆ ತಾನೇ ಗಟ್ಟಿಯಾಗುವ ಬಿಳಿಯ ಎಪಾಕ್ಸಿ ಬಣ್ಣ ತೇವಕ್ಕೆ ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಡಬ್ಬಿಯ ಮೇಲಿನ ಪ್ರಮಾಣವನ್ನು ತಪ್ಪದೆ ಅನುಸರಿಸಿ, ಕೈಗವಸು ಧರಿಸಿ, ಗಾಳಿಯಾಡುವ ಪಡಸಾಲೆಯಲ್ಲಿ ಹಚ್ಚಬೇಕು. ಅದು ದುಬಾರಿಯೆನಿಸಿದರೆ ಒಳ್ಳೆಯ ಬಿಳಿಯ ಎನಾಮಲ್ ಸಾಕು.

ಮಿರುಗುವ ಬಣ್ಣವೇ ಹೆಚ್ಚು ಬೆಳಕನ್ನು ಕೊಡುತ್ತದೆಂಬ ತಿಳಿವಳಿಕೆ ಸರಿಯಲ್ಲ. ಸಕ್ಕರೆಯ ಹರಳು ಗಾಜಿನಂತೆ ಪಾರದರ್ಶಕ. ಅದನ್ನೇ ಅರೆದರೆ ಹಿಟ್ಟು ಬೆಳ್ಳಗೆ ಕಾಣುತ್ತದೆ. ಅಸಂಖ್ಯ ಕಣಗಳು ಬೆಳಕನ್ನು ಒಡೆದು ಎಲ್ಲ ದಿಕ್ಕಿಗೂ ಚೆದರಿಸುವುದೇ ಅದಕ್ಕೆ ಕಾರಣ. ಬಣ್ಣದ ಬಿಳುಪೂ ಹೀಗೆಯೇ. ಅದರಲ್ಲಿರುವ ಟೈಟೇನಿಯಂ ಡೈಆಕ್ಸೈಡಿನ ಪುಡಿಯು ಬೆಳಕನ್ನು ಚೆದರಿಸುವುದರಲ್ಲಿ ಬಹು ಸಮರ್ಥ. ಬೆಳಕು ಹಿಂದಿರುಗುವುದು ಬಿಳುಪಿನಿಂದ. ಮಿರುಗಿನ ಉಪಯೋಗ ಬೇರೆ: ನಯವಾದ ಮೈಯನ್ನು ಬಟ್ಟೆಯಿಂದ ಒರಸುವುದು ಸುಲಭ. ಅಲ್ಯುಮಿನಿಯಂ ಹಾಳೆಯನ್ನು ಅಂಟಿಸುವವರೂ ಇದ್ದಾರೆ. ಅದರ ಹಿಂದೆ ತೇವ ಸೇರಿ, ಕೆಲವು ತಿಂಗಳಲ್ಲಿ ಸಡಿಲಾಗಿ ಜೋಲುತ್ತದೆ.

ಐದನೆಯದು, ಎಲ್ಲಕ್ಕಿಂತ ಕಷ್ಟದ್ದು: ಕಾಯುವುದು. ಒಂದು ದಪ್ಪ ಲೇಪಕ್ಕಿಂತ ಮೂರು ತೆಳು ಲೇಪಗಳು ಮೇಲು. ಎನಾಮಲ್ಲಾದರೆ ಒಂದೊಂದರ ನಡುವೆ ಒಂದು ಹಗಲು ಒಂದು ರಾತ್ರಿ ಬಿಟ್ಟು, ನವಿರಾಗಿ ಉಜ್ಜಿ, ಧೂಳೊರಸಿ ಮುಂದಿನದನ್ನು ಹಚ್ಚಬೇಕು. ಇಲ್ಲಿ ಒಣಗುವುದು ಬೇರೆ, ಬಲಿಯುವುದು ಬೇರೆ. ಬಣ್ಣವನ್ನು ತೆಳುವಾಗಿಸಿದ ದ್ರವ ಹಾರಿಹೋದರೆ ಬೆರಳಿಗೆ ಅಂಟುವುದಿಲ್ಲ, ಒಣಗಿತೆನ್ನುತ್ತೇವೆ. ಆದರೆ ಎನಾಮಲ್ ಆಮೇಲೆಯೂ ಗಾಳಿಯ ಆಮ್ಲಜನಕವನ್ನು ಹೀರುತ್ತ, ತನ್ನ ಅಣುಗಳನ್ನು ಒಂದಕ್ಕೊಂದು ಹೆಣೆದುಕೊಳ್ಳುತ್ತ ಇರುತ್ತದೆ. ಆ ಹೆಣಿಗೆ ಮುಗಿಯಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಎಪಾಕ್ಸಿಯಾದರೆ ನಮ್ಮ ಸೆಕೆಯಲ್ಲಿ ಸುಮಾರು ಒಂದು ವಾರ. ಆದರೂ ಇನ್ನೊಂದು ವಾರ ಕಾದರೆ ನಷ್ಟವಿಲ್ಲ. ಪರೀಕ್ಷೆ ಸುಲಭ. ಉಗುರನ್ನು ಒತ್ತಿದರೆ ಗುರುತು ಮೂಡಬಾರದು. ಮುಚ್ಚಳವನ್ನು ಒಂದು ಬರಿದಾದ ಪೆಟ್ಟಿಗೆಯ ಮೇಲೆ ರಾತ್ರಿಯೆಲ್ಲ ಮುಚ್ಚಿಟ್ಟು ಬೆಳಗ್ಗೆ ತೆರೆದಾಗ ಬಣ್ಣದ ವಾಸನೆ ಇರಬಾರದು. ವಾಸನೆಯಿದ್ದರೆ ಇನ್ನೊಂದು ವಾರ. ನಾನು ಪೂರ್ಣ ನಾಲ್ಕು ವಾರ ಕಾದೆ. ಅಲ್ಲಿಯವರೆಗೆ ತೊಟ್ಟಿಯ ಮೇಲೆ ಒಂದು ಸೊಳ್ಳೆಪರದೆಯ ತುಂಡನ್ನು ಕಟ್ಟಿದ್ದೆ. ಆ ಒಂಟಿ ಗುರಾಮಿಗೆ ಅಷ್ಟೇ ಸಾಕಾಯಿತು.

ಕಡೆಯದಾಗಿ ಎರಡು ಎಚ್ಚರಿಕೆಗಳು. ಮುಚ್ಚಳ ಎಷ್ಟೇ ಚೆನ್ನಾಗಿದ್ದರೂ ಗಾಳಿಯ ಕಂಡಿಗಳನ್ನು ಮುಚ್ಚಬಾರದು. ಮೀನಿಗೆ ಬೇಕಾದ ಆಮ್ಲಜನಕ ನೀರಿಗೆ ಇಳಿಯುವುದು ಮೇಲ್ಮೈಯಿಂದಲೇ. ಗುರಾಮಿಯಂಥವಕ್ಕಂತೂ ಮೇಲಿನ ಗಾಳಿಯೇ ಉಸಿರು. ಇನ್ನೊಂದು, ವಿದ್ಯುತ್ತು. ದೀಪವು ತೇವಕ್ಕೆ ತಡೆಯುವಂಥದಾಗಿರಬೇಕು. ತಂತಿಯು ಗುಂಡಿಗೆ ಸೇರುವ ಮುನ್ನ ಅದಕ್ಕಿಂತ ಕೆಳಕ್ಕೆ ಒಮ್ಮೆ ಜೋತು ಮೇಲೇರಬೇಕು. ಆಗ ತಂತಿಯ ಗುಂಟ ಇಳಿದ ಹನಿಯು ಗುಂಡಿಯನ್ನು ತಲುಪದೆ ನೆಲಕ್ಕೆ ಬೀಳುತ್ತದೆ.

ಆ ಮೂರನೆಯ ಮೇಲುಕಟ್ಟು ಈಗ ಎರಡು ಬೇಸಗೆಗಳನ್ನು ಕಂಡಿದೆ. ಬಾಗಿಲ್ಲ, ಬೂಷ್ಟು ಹಿಡಿದಿಲ್ಲ. ಹೊರಮೈಗೂ ಒಳಮೈಯಂತೆ ಬಿಳಿಬಣ್ಣವನ್ನೇ ಹಚ್ಚಿದ್ದೇನೆ. ವಾರ್ನಿಷ್ಷಿನ ಹೊಳಪಿಲ್ಲದ್ದರಿಂದ ಬಂದವರು ಯಾರೂ ಅದನ್ನು ಮೆಚ್ಚುವುದಿಲ್ಲ. ಕಳೆದ ರಜೆಯಲ್ಲಿ ಬಂದ ಮೊಮ್ಮಗಳು ಮಾತ್ರ ಮೊದಲು ಅದನ್ನು ಎತ್ತಿ, ಮಗುಚಿ, ಒಳಗೆ ಬೆರಳಾಡಿಸಿ ನೋಡಿದಳು. ಆಮೇಲೆ ತಾನು ತಂದಿದ್ದ ಆರು ಗಪ್ಪಿಗಳ ಚೀಲವನ್ನು ನೀರಿನಲ್ಲಿ ತೇಲಿಬಿಟ್ಟಳು. ಗುರಾಮಿ ಮೂಲೆಯಿಂದ ಹೊರಟುಬಂದು ಚೀಲದ ಸುತ್ತ ಒಂದು ಸುತ್ತು ಹಾಕಿತು.